ವಿದ್ಯಾರ್ಥಿವೇತನದ ಅರ್ಜಿ: ನಾನು ಎಡವಿದ ಕಡೆಗಳು

ಬೆಳೆ, ಗೊಬ್ಬರ, ದನಕರುಗಳ ವಿಚಾರ ಬರುವ ಈ ಪುಟದಲ್ಲಿ ಕಾಲೇಜಿನ ಅರ್ಜಿ ವಿಚಾರ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತು. ಆದರೆ 2023ರಲ್ಲಿ ಬಿತ್ತನೆಗೆ ಅಂತ ಇಟ್ಟಿದ್ದ ಮೂರು ಚೀಲ ಶೇಂಗಾವನ್ನು ಮಗಳ ಫೀಸಿಗೆ ಮಾರಿದವನು ನಾನು. ಮಾರಬೇಕಾದ್ದು ಬರದಿಂದ ಅಲ್ಲ, ಬೆಲೆ ಇಳಿದದ್ದರಿಂದಲೂ ಅಲ್ಲ. ಒಂದು ಅರ್ಜಿ ತಪ್ಪಾಗಿ ತುಂಬಿದ್ದರಿಂದ. ಹಾಗಾಗಿ ಇದೂ ಕೃಷಿ ವಿಚಾರವೇ ಅಂತ ತಿಳಿದು ಬರೆಯುತ್ತಿದ್ದೇನೆ.

ನನ್ನದು ಚಳ್ಳಕೆರೆ ತಾಲೂಕಿನ ಒಂದು ಹಳ್ಳಿ. ಆರು ಎಕರೆ ಕೆಂಪು ಮಣ್ಣಿನ ಹೊಲ, ಪೂರಾ ಮಳೆ ಆಶ್ರಯ. ಶೇಂಗಾ, ಅದರ ನಡುವೆ ತೊಗರಿ ಸಾಲು, ಸ್ವಲ್ಪ ಸಜ್ಜೆ. ಓದಿದ್ದು ಏಳನೇ ಕ್ಲಾಸು. ಮಗಳು 2022ರಲ್ಲಿ ಪಿಯುಸಿ ಮುಗಿಸಿ ನರ್ಸಿಂಗ್ ಸೇರಿದಳು. ಖಾಸಗಿ ಕಾಲೇಜು. ಫೀಸು ಎರಡು ಕಂತು. ಮೊದಲ ಕಂತಿಗೆ ಆರು ಕುರಿ ಮಾರಿದೆ. ಎರಡನೇ ಕಂತಿಗೆ ಸ್ಕಾಲರ್‌ಶಿಪ್ ಬರುತ್ತದೆ ಅಂತ ನಂಬಿಕೊಂಡಿದ್ದೆ. ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ಹಾಕಿಸಿ, ನೂರು ರೂಪಾಯಿ ಕೊಟ್ಟು ಬಂದದ್ದಾಗಿತ್ತು. ಅರ್ಜಿ ಹಾಕಿದ ಮೇಲೆ ದುಡ್ಡು ಬಂದೇ ಬರುತ್ತದೆ ಅಂದುಕೊಂಡೆ.

ಫೆಬ್ರವರಿ ಆಯ್ತು, ಮಾರ್ಚ್ ಆಯ್ತು, ಜೊತೆಗಿದ್ದ ಹುಡುಗಿಯರಿಗೆ ದುಡ್ಡು ಬಂತು, ನನ್ನ ಮಗಳಿಗೆ ಬರಲಿಲ್ಲ. ಮೇ ತಿಂಗಳಲ್ಲಿ ಕಾಲೇಜಿನವರು, ಫೀಸು ಕಟ್ಟದಿದ್ದರೆ ಪರೀಕ್ಷೆಗೆ ಕೂರಿಸೋದಿಲ್ಲ ಅಂದರು. ಆಗ ಬೀಜದ ಶೇಂಗಾ ಮಾರಿದೆ. ಜೂನಿನಲ್ಲಿ ಸಾಲ ಮಾಡಿ, ಮಾರಿದ್ದಕ್ಕಿಂತ ಹೆಚ್ಚಿನ ದರಕ್ಕೆ ಬೀಜ ಕೊಂಡೆ. ಆ ವರ್ಷ ಮಳೆ ಕೈಕೊಟ್ಟದ್ದು ನಿಮಗೆಲ್ಲ ನೆನಪಿದೆ.

ಕೂರಿಗೆಯ ಒಂದು ಕೊಳವೆ ಮಣ್ಣು ಕಟ್ಟಿಕೊಂಡರೆ ಬಿತ್ತುವಾಗ ಗೊತ್ತಾಗುವುದಿಲ್ಲ. ಎಂಟು ದಿನ ಬಿಟ್ಟು ಮೊಳಕೆ ಬಂದಾಗ ಒಂದು ಸಾಲು ಖಾಲಿ ಕಾಣುತ್ತದೆ. ಅರ್ಜಿಯದ್ದೂ ಹಾಗೇ. ತಪ್ಪು ಆಗುವುದು ಅಕ್ಟೋಬರಿನಲ್ಲಿ, ಕಾಣುವುದು ಏಪ್ರಿಲಿನಲ್ಲಿ. ಆಗ ಸರಿ ಮಾಡಲು ಸಮಯ ಇರುವುದಿಲ್ಲ. ಆಮೇಲೆ ನಾನು ಎರಡು ತಿಂಗಳು ಕಾಲೇಜು, ಬ್ಯಾಂಕು, ನಾಡಕಚೇರಿ, ಸಮಾಜ ಕಲ್ಯಾಣದ ಕಚೇರಿ, ಹಿಂದುಳಿದ ವರ್ಗಗಳ ಕಚೇರಿ ಅಂತ ತಿರುಗಿ ಎಲ್ಲೆಲ್ಲಿ ಕೊಳವೆ ಕಟ್ಟಿಕೊಂಡಿತ್ತು ಅಂತ ತಿಳಿದುಕೊಂಡೆ. ಒಂದಲ್ಲ, ನಾಲ್ಕು ಕಡೆ ಕಟ್ಟಿಕೊಂಡಿತ್ತು.

ಅರ್ಜಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ

ಮೊದಲು ದಾರಿ ತಿಳಿದುಕೊಳ್ಳಬೇಕು. ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ನಂತರ ಓದುವ ಮಕ್ಕಳು ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕುವುದು ಎಸ್‌ಎಸ್‌ಪಿ ಎನ್ನುವ ಸರ್ಕಾರಿ ಜಾಲತಾಣದಲ್ಲಿ. ರಾಜ್ಯ ವಿದ್ಯಾರ್ಥಿವೇತನ ತಾಣ ಅಂತ ಅದರ ಅರ್ಥ. ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಹೀಗೆ ಇಲಾಖೆ ಬೇರೆ ಬೇರೆ ಇದ್ದರೂ ಅರ್ಜಿಯ ಬಾಗಿಲು ಒಂದೇ. ಕೇಂದ್ರ ಸರ್ಕಾರದ ಕೆಲವು ಸ್ಕಾಲರ್‌ಶಿಪ್ಪಿಗೆ ಎನ್‌ಎಸ್‌ಪಿ ಎಂಬ ಬೇರೆ ತಾಣ ಇದೆ. ಪಿಯುಸಿಯಲ್ಲಿ ತಮ್ಮ ಬೋರ್ಡಿನ ಮೇಲಿನ 20 ಪರ್ಸೆಂಟೈಲ್ ಒಳಗೆ ಬಂದ, ಮನೆಯ ಆದಾಯ ವರ್ಷಕ್ಕೆ 4.5 ಲಕ್ಷ ಮೀರದ ಮಕ್ಕಳು ಡಿಗ್ರಿ ಸೇರಿದ ಮೊದಲ ವರ್ಷವೇ ಅಲ್ಲಿ ಹಾಕಬಹುದು. ಎರಡನೇ ವರ್ಷದಲ್ಲಿ ಹೊಸದಾಗಿ ಹಾಕಲು ಬರುವುದಿಲ್ಲ.

ಅರ್ಜಿ ಮೊದಲು ಕಾಲೇಜಿಗೆ ಹೋಗುತ್ತದೆ. ಕಾಲೇಜಿನವರು ಹೌದು ಈ ಮಗು ನಮ್ಮಲ್ಲಿ ಓದುತ್ತಿದೆ ಅಂತ ಒಪ್ಪಿದ ಮೇಲೆ ಇಲಾಖೆಗೆ. ಇಲಾಖೆ ಮಂಜೂರು ಮಾಡಿದ ಮೇಲೆ ಖಜಾನೆ. ಅಲ್ಲಿಂದ ಆಧಾರ್ ನಂಬರ್ ಹಿಡಿದುಕೊಂಡು ದುಡ್ಡು ಬ್ಯಾಂಕಿಗೆ ಬರುತ್ತದೆ. ಈ ದಾರಿಯಲ್ಲಿ ಮನುಷ್ಯರು ಮುಖ ನೋಡಿ ಕೆಲಸ ಮಾಡುವುದು ಕಡಿಮೆ. ಒಂದು ಕಂಪ್ಯೂಟರ್ ಇನ್ನೊಂದು ಕಂಪ್ಯೂಟರನ್ನು ಕೇಳುತ್ತದೆ. ಹೆಸರು, ನಂಬರ್ ಕೂಡಿದರೆ ಮುಂದೆ, ಕೂಡದಿದ್ದರೆ ಅಲ್ಲೇ ನಿಲ್ಲುತ್ತದೆ. ನಮ್ಮ ಬಡತನವಾಗಲಿ, ಮಗಳ ಮಾರ್ಕ್ಸ್ ಆಗಲಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಮೊದಲ ತೊಡಕು: ಹೆಸರು

ನಮ್ಮ ಹಳ್ಳಿಗಳಲ್ಲಿ ಒಂದೇ ಮಗುವಿಗೆ ನಾಲ್ಕು ಹೆಸರು. ಮನೆದೇವರ ಹೆಸರು ಒಂದು, ಶಾಲೆಯಲ್ಲಿ ಮೇಷ್ಟ್ರು ಬರೆದದ್ದು ಒಂದು, ಆಧಾರ್ ಮಾಡಿದ ಹುಡುಗ ಒತ್ತಿದ್ದು ಇನ್ನೊಂದು. ಕನ್ನಡದಲ್ಲಿ 'ಮಂಜುನಾಥ' ಅಂದರೆ ಒಬ್ಬನೇ. ಇಂಗ್ಲಿಷಿನಲ್ಲಿ ಕೊನೆಗೆ 'ಎ' ಅಕ್ಷರ ಹಾಕಿದರೆ ಒಬ್ಬ, ಹಾಕದಿದ್ದರೆ ಇನ್ನೊಬ್ಬ. ಇನಿಶಿಯಲ್ ಮುಂದೆ ಇದ್ದರೆ ಒಬ್ಬ, ಹಿಂದೆ ಇದ್ದರೆ ಇನ್ನೊಬ್ಬ. ನನ್ನ ಮಗಳ ಹೆಸರು ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಥರ, ಆಧಾರಿನಲ್ಲಿ ಒಂದು ಥರ, ಜಾತಿ ಪತ್ರದಲ್ಲಿ ಮೂರನೇ ಥರ ಇತ್ತು.

ಇದಕ್ಕೆ ಉಪಾಯ: ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನು ಮೂಲ ಅಂತ ಇಟ್ಟುಕೊಳ್ಳಿ. ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ. ಮಾರ್ಕ್ಸ್ ಕಾರ್ಡ್ ತಿದ್ದಿಸಬೇಕಾದರೆ ಶಾಲೆಯಿಂದ ಪರೀಕ್ಷಾ ಮಂಡಳಿಗೆ ಹೋಗಬೇಕು, ಬಹಳ ದಿನ ಹಿಡಿಯುತ್ತದೆ. ಆಧಾರ್ ತಿದ್ದಿಸುವುದು ಅದಕ್ಕಿಂತ ಸುಲಭ. ಆದರೆ ಒಂದು ಎಚ್ಚರ. ಆಧಾರಿನಲ್ಲಿ ಹೆಸರು ತಿದ್ದಲು ಎರಡೇ ಸಲ ಅವಕಾಶ, ಹುಟ್ಟಿದ ತಾರೀಖಿಗೆ ಒಂದೇ ಸಲ. ಹಾಗಾಗಿ ಮಾರ್ಕ್ಸ್ ಕಾರ್ಡ್ ಕೈಯಲ್ಲಿ ಹಿಡಿದೇ ಹೋಗಿ. ಅವರು ಒತ್ತಿದ ಮೇಲೆ ಪರದೆಯನ್ನು ಮಗುವಿಗೇ ಓದಲು ಹೇಳಿ, ಒಂದೊಂದು ಅಕ್ಷರ ನೋಡಿ ಆಮೇಲೆ ಹೂಂ ಅನ್ನಿ.

ಮಕ್ಕಳು ಒಂಬತ್ತನೇ ಕ್ಲಾಸಿನಲ್ಲಿ ಇರುವವರು ಪುಣ್ಯವಂತರು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೆಸರು ಕಳಿಸುವ ಮುಂಚೆ ಶಾಲೆಯಲ್ಲೇ ಸರಿ ಮಾಡಿಸಿಬಿಡಿ. ಆಮೇಲಿನ ಹತ್ತು ವರ್ಷದ ತಿರುಗಾಟ ತಪ್ಪುತ್ತದೆ. ಇನ್ನೊಂದು, 15 ವರ್ಷ ತುಂಬಿದ ಮಗು ಆಧಾರಿಗೆ ಬೆರಳಚ್ಚು, ಕಣ್ಣಿನ ಗುರುತು ಮತ್ತೆ ಕೊಡಬೇಕು. 17ರ ಒಳಗೆ ಮಾಡಿಸಿದರೆ ಅದಕ್ಕೆ ದುಡ್ಡಿಲ್ಲ. ಇದನ್ನು ಮಾಡಿಸದ ಮಕ್ಕಳು ಮುಂದೆ ಬೆರಳು ಇಟ್ಟಾಗ ಹೊಂದುವುದಿಲ್ಲ ಅಂತ ವಾಪಸು ಬರುತ್ತಾರೆ.

ಎರಡನೇ ತೊಡಕು: ಮೊಬೈಲ್ ನಂಬರ್

ಕಂಪ್ಯೂಟರ್ ಅಂಗಡಿಯವನು ಅರ್ಜಿ ತುಂಬುವಾಗ, 'ಫೋನ್ ತಂದಿಲ್ವಾ? ಇರ್ಲಿ ಬಿಡಿ' ಅಂತ ತನ್ನದೇ ನಂಬರ್ ಹಾಕಿದ. ನನಗೆ ಅದು ಉಪಕಾರ ಅಂತಲೇ ಕಂಡಿತು. ಅರ್ಜಿಯಲ್ಲಿ ಒಂದು ಕಾಗದ ಕಮ್ಮಿ ಇದೆ ಅಂತ ಬಂದ ಸಂದೇಶ ಅವನ ಫೋನಿಗೆ ಹೋಯಿತು. ಅವನಿಗೆ ದಿನಕ್ಕೆ ಅಂಥ ಹತ್ತಾರು ಸಂದೇಶ. ಅವನು ನೋಡಲಿಲ್ಲ, ನನಗೆ ತಿಳಿಯಲಿಲ್ಲ. ಅರ್ಜಿಯ ಗುಪ್ತಪದವೂ ಅವನ ಹತ್ತಿರವೇ ಉಳಿಯಿತು.

ಅರ್ಜಿಗೆ ನಿಮ್ಮ ಮನೆಯ ನಂಬರ್ ಕೊಡಿ. ಅದೇ ನಂಬರ್ ಆಧಾರಿಗೂ ಸೇರಿರಬೇಕು, ಯಾಕೆಂದರೆ ಓಟಿಪಿ ಬರುವುದು ಅದಕ್ಕೇ. ರೀಚಾರ್ಜ್ ಮಾಡದೆ ಬಿಟ್ಟ ಹಳೇ ಸಿಮ್ಮಿನ ನಂಬರ್ ಆಧಾರಿನಲ್ಲಿ ಇದ್ದರೆ ಮೊದಲು ಬದಲಾಯಿಸಿ. ಆಧಾರ್ ವಿಚಾರ ಕೇಳಲು 1947 ನಂಬರಿಗೆ ಫೋನ್ ಮಾಡಬಹುದು. ವಿದ್ಯಾರ್ಥಿ ಐಡಿ, ಗುಪ್ತಪದ ಎರಡನ್ನೂ ನೋಟ್‌ಬುಕ್ಕಿನಲ್ಲಿ ಮಗು ತನ್ನ ಕೈಯಾರೆ ಬರೆದಿಟ್ಟುಕೊಳ್ಳಲಿ. ಮತ್ತೆ ಒಂದು ಮಾತು. 'ನಿಮ್ಮ ಸ್ಕಾಲರ್‌ಶಿಪ್ ಬಂದಿದೆ, ಓಟಿಪಿ ಹೇಳಿ' ಅಂತ ಯಾರಾದರೂ ಫೋನ್ ಮಾಡಿದರೆ ಹೇಳಬೇಡಿ. ಯಾವ ಇಲಾಖೆಯೂ ಹಾಗೆ ಕೇಳುವುದಿಲ್ಲ.

ಮೂರನೇ ತೊಡಕು: ಬ್ಯಾಂಕು

ಇದು ಎಲ್ಲಕ್ಕಿಂತ ದೊಡ್ಡದು, ಬಹಳ ಜನ ಎಡವುವುದೂ ಇಲ್ಲೇ. ಅರ್ಜಿಯ ಜೊತೆ ಪಾಸ್‌ಬುಕ್ ತೋರಿಸಿದ್ದೇವೆ, ಆ ಖಾತೆಗೆ ದುಡ್ಡು ಬರುತ್ತದೆ ಅಂತ ನಾವು ತಿಳಿಯುತ್ತೇವೆ. ಹಾಗಲ್ಲ. ದುಡ್ಡು ಕಳಿಸುವವರು ಖಾತೆ ನಂಬರ್ ನೋಡುವುದಿಲ್ಲ, ಆಧಾರ್ ನಂಬರ್ ನೋಡುತ್ತಾರೆ. ಆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಎನ್ನುವ ಪಟ್ಟಿ ಎನ್‌ಪಿಸಿಐ ಎಂಬ ಸಂಸ್ಥೆಯಲ್ಲಿ ಇರುತ್ತದೆ. ಒಂದು ಆಧಾರಿಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕು. ಕೊನೆಗೆ ಯಾವುದನ್ನು ಜೋಡಿಸಿದ್ದೀರೋ ಅದೇ.

ಬ್ಯಾಂಕಿನಲ್ಲಿ 'ಆಧಾರ್ ಲಿಂಕ್ ಆಗಿದೆಯಾ?' ಅಂತ ಕೇಳಿದರೆ 'ಆಗಿದೆ' ಅನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಖಾತೆ ತೆರೆಯುವಾಗ ಗುರುತಿಗೆ ಆಧಾರ್ ಕೊಟ್ಟಿರುತ್ತೀರಿ, ಅದು ಲಿಂಕ್. ಆದರೆ ಸರ್ಕಾರದ ದುಡ್ಡು ಬರಲು ಎನ್‌ಪಿಸಿಐ ಪಟ್ಟಿಯಲ್ಲಿ ಹೆಸರು ಸೇರಬೇಕು, ಅದಕ್ಕೆ ಸೀಡಿಂಗ್ ಅನ್ನುತ್ತಾರೆ. ಎರಡೂ ಬೇರೆ. ಹೊಲಕ್ಕೆ ಬೇಲಿ ಇದ್ದ ಮಾತ್ರಕ್ಕೆ ಪಹಣಿಯಲ್ಲಿ ಹೆಸರು ಇದೆ ಅಂತ ಅಲ್ಲವಲ್ಲ, ಹಾಗೆ.

ನನ್ನ ಮಗಳ ಆಧಾರ್ ಹೈಸ್ಕೂಲಿನಲ್ಲಿದ್ದಾಗ ತೆರೆದ ಒಂದು ಹಳೇ ಖಾತೆಗೆ ಸೀಡ್ ಆಗಿತ್ತು. ಅದನ್ನು ವರ್ಷಗಟ್ಟಲೆ ಬಳಸದೆ ಅದು ನಿಂತುಹೋಗಿತ್ತು. ಕಾಲೇಜಿಗೆ ಸೇರಿದ ಮೇಲೆ ಹೊಸ ಬ್ಯಾಂಕಿನಲ್ಲಿ ಖಾತೆ ತೆರೆದು ಅದರ ಪಾಸ್‌ಬುಕ್ ಕೊಟ್ಟಿದ್ದೆವು. ಆ ಪಾಸ್‌ಬುಕ್ಕನ್ನು ವಾರಕ್ಕೊಮ್ಮೆ ಹಾಕಿಸಿ ನೋಡುತ್ತಿದ್ದೆವು. ಮೊದಲೇ ಬೇರೆ ತಪ್ಪಿನಿಂದ ನಿಂತ ಅರ್ಜಿ, ಅದು ಮಂಜೂರಾಗಿದ್ದರೂ ದುಡ್ಡು ಈ ಖಾತೆಗೆ ಬರುತ್ತಿರಲಿಲ್ಲ. ಸಿಮ್ ಅಂಗಡಿಯಲ್ಲಿ, ಸಂತೆಯಲ್ಲಿ ಕೊಡೆ ಕೆಳಗೆ ಕೂತವರ ಹತ್ತಿರ ಬೆರಳು ಒತ್ತಿ ಪುಕ್ಕಟೆ ಖಾತೆ ತೆರೆದ ಮಕ್ಕಳದ್ದೂ ಇದೇ ಕಥೆ. ಜೋಡಣೆ ಆ ಖಾತೆಗೆ ಹೋಗಿರುತ್ತದೆ.

ನೋಡುವ ಬಗೆ ಸುಲಭ. ಆಧಾರಿನ ಜಾಲತಾಣದಲ್ಲಿ ಮಗು ತನ್ನ ನಂಬರ್, ಓಟಿಪಿ ಹಾಕಿ ಒಳಗೆ ಹೋಗಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಅಂತ ಒತ್ತಿದರೆ ಯಾವ ಬ್ಯಾಂಕು, ಚಾಲ್ತಿ ಇದೆಯೋ ಇಲ್ಲವೋ ಅಂತ ತೋರಿಸುತ್ತದೆ. ತಪ್ಪು ಬ್ಯಾಂಕು ಇದ್ದರೆ, ಬೇಕಾದ ಬ್ಯಾಂಕಿಗೆ ಹೋಗಿ 'ಎನ್‌ಪಿಸಿಐ ಆಧಾರ್ ಸೀಡಿಂಗ್' ಅಂತ ಬಾಯಿಬಿಟ್ಟು ಹೇಳಿ ಅರ್ಜಿ ಕೊಡಬೇಕು. ಬರೀ 'ಆಧಾರ್ ಲಿಂಕ್' ಅನ್ನಬೇಡಿ. ಒಂದು ವಾರ ಬಿಟ್ಟು ಮತ್ತೆ ತಾಣದಲ್ಲಿ ನೋಡಿ. ಖಾತೆ ಮಗುವಿನ ಹೆಸರಿನದ್ದೇ ಇರಬೇಕು, ಅಪ್ಪನದ್ದಲ್ಲ.

ನಾಲ್ಕನೇ ತೊಡಕು: ಸತ್ತವರ ಹೆಸರಿನ ಪಹಣಿ

ಇದು ರೈತರಾದ ನಮಗೆ ಮಾತ್ರ ಇರುವ ತೊಡಕು. 2021ರಲ್ಲಿ ರಾಜ್ಯ ಸರ್ಕಾರ ರೈತರ ಮಕ್ಕಳಿಗೆ ಅಂತ ರೈತ ವಿದ್ಯಾನಿಧಿ ತಂದಿತು. ಆಗಿನ ಆದೇಶದಂತೆ ಪಿಯುಸಿ, ಐಟಿಐ, ಡಿಪ್ಲೊಮಾ ಓದುವ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000. ಬಿಎ, ಬಿಕಾಂ ಮುಂತಾದ ಡಿಗ್ರಿಗೆ 5,000 ಮತ್ತು 5,500. ನರ್ಸಿಂಗ್, ಕಾನೂನು, ಫಾರ್ಮಸಿಯಂಥವಕ್ಕೆ 7,500 ಮತ್ತು 8,000. ಇಂಜಿನಿಯರಿಂಗ್, ವೈದ್ಯಕೀಯ, ಸ್ನಾತಕೋತ್ತರಕ್ಕೆ 10,000 ಮತ್ತು 11,000. ಆದೇಶಗಳು ವರ್ಷ ವರ್ಷ ಬದಲಾಗುತ್ತವೆ, ಅರ್ಜಿ ಹಾಕುವ ಮುಂಚೆ ರೈತ ಸಂಪರ್ಕ ಕೇಂದ್ರದಲ್ಲಿ ಆ ವರ್ಷದ್ದು ಕೇಳಿಕೊಳ್ಳಿ.

ಅಪ್ಪ ಅಮ್ಮ ರೈತರು ಅಂತ ಸರ್ಕಾರಕ್ಕೆ ತಿಳಿಯುವುದು ಹೇಗೆ? ಫ್ರೂಟ್ಸ್ ನಂಬರಿನಿಂದ. ಎಫ್‌ಐಡಿ ಅಂತ ಶುರುವಾಗುವ ನಂಬರ್ ಅದು. ಪಹಣಿಯಲ್ಲಿ ನಮ್ಮ ಹೆಸರು ಇದ್ದರೆ ಅದು ಸಿಗುತ್ತದೆ. ನನ್ನ ಹೊಲದ ಪಹಣಿಯಲ್ಲಿ ಇದ್ದದ್ದು ಅಪ್ಪನ ಹೆಸರು. ಅಪ್ಪ ತೀರಿಕೊಂಡು 14 ವರ್ಷ ಆಗಿತ್ತು. ಅಣ್ಣ ತಮ್ಮಂದಿರು ಉಳುವುದು ಬೇರೆ ಬೇರೆ, ಕಾಗದದಲ್ಲಿ ಮಾತ್ರ ಅಪ್ಪನೇ ಇನ್ನೂ ಉಳುತ್ತಿದ್ದ. 'ಮಾಡಿಸಿದರಾಯ್ತು' ಅಂತ ಸುಮ್ಮನಿದ್ದೆವು. ಹೊಲ ಉತ್ತು ಕೈ ಒಡೆದುಕೊಂಡವನು ನಾನು, ಆದರೆ ಸರ್ಕಾರದ ಲೆಕ್ಕದಲ್ಲಿ ನನ್ನ ಮಗಳು ರೈತನ ಮಗಳಲ್ಲ. ಅದೇ ವರ್ಷದ ಬರ ಪರಿಹಾರವೂ ಫ್ರೂಟ್ಸ್ ಲೆಕ್ಕದ ಮೇಲೆಯೇ ಬಂತು. ನನಗೆ ಬರಲಿಲ್ಲ.

ಆಮೇಲೆ ಅಪ್ಪನ ಮರಣ ಪತ್ರ, ವಂಶವೃಕ್ಷ ತೆಗೆಸಿ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಕೊಟ್ಟೆವು. ಅಣ್ಣತಮ್ಮಂದಿರೆಲ್ಲ ಒಟ್ಟಿಗೆ ನಿಂತು ಸಹಿ ಮಾಡಿದ್ದರಿಂದ ತಕರಾರು ಬರಲಿಲ್ಲ. ಪಹಣಿಯಲ್ಲಿ ಹೆಸರು ಬಂದ ದಿನವೇ ಆಧಾರ್, ಪಹಣಿ, ಪಾಸ್‌ಬುಕ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಫ್ರೂಟ್ಸ್ ಮಾಡಿಸಿದೆ. 2025ರಲ್ಲಿ ಕಂದಾಯ ಇಲಾಖೆ ಇದಕ್ಕೇ ಅಂತ ಇ-ಪೌತಿ ಆಂದೋಲನ ಶುರು ಮಾಡಿತು. ಇನ್ನೂ ಅಜ್ಜನ ಹೆಸರಿನಲ್ಲೇ ಪಹಣಿ ಇಟ್ಟುಕೊಂಡವರು ನಿಮ್ಮ ಗ್ರಾಮ ಆಡಳಿತ ಅಧಿಕಾರಿಯನ್ನು ಕಾಣಿ.

ಸಣ್ಣಪುಟ್ಟ ತಪ್ಪುಗಳು

ಜಾತಿ, ಆದಾಯ ಪತ್ರ: ಅರ್ಜಿಗೆ ಬೇಕಾದ್ದು ಪತ್ರದ ಮೇಲಿರುವ 'ಆರ್‌ಡಿ' ಅಂತ ಶುರುವಾಗುವ ನಂಬರ್. ಒಂದು ಅಂಕಿ ತಪ್ಪಿದರೂ ಕಂಪ್ಯೂಟರ್ ಬೇರೆ ಯಾರನ್ನೋ ತೋರಿಸುತ್ತದೆ. ಆದಾಯ ಪತ್ರಕ್ಕೆ 5 ವರ್ಷ ಆಯುಸ್ಸು. ಎಸ್ಸೆಸ್ಸೆಲ್ಸಿಯಲ್ಲಿ ಮಾಡಿಸಿದ ಪತ್ರ ಡಿಗ್ರಿ ಮಧ್ಯದಲ್ಲಿ ಮುಗಿಯುತ್ತದೆ, ತಾರೀಖು ನೋಡಿಕೊಳ್ಳಿ. ಆದಾಯದ ಮಿತಿ ಒಂದೊಂದು ವರ್ಗಕ್ಕೆ, ಒಂದೊಂದು ಯೋಜನೆಗೆ ಬೇರೆ ಬೇರೆ. ಪತ್ರಕ್ಕೆ ಅರ್ಜಿ ಕೊಡುವಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಹಾಸ್ಟೆಲ್ ಪ್ರಶ್ನೆ: ಮಗು ಖಾಸಗಿ ರೂಮಿನಲ್ಲಿ ಇದ್ದರೂ ಸರ್ಕಾರಿ ಹಾಸ್ಟೆಲ್ ಅಂತ ಒತ್ತಿಬಿಡುತ್ತಾರೆ. ಹಿಂದುಳಿದ ವರ್ಗದ ಮಕ್ಕಳಿಗೆ ಊಟ ವಸತಿಗೆ ಕೊಡುವ ವಿದ್ಯಾಸಿರಿ ಇರುವುದು ಸರ್ಕಾರಿ ಹಾಸ್ಟೆಲ್ ಸಿಗದವರಿಗೆ. ಒಂದು ತಪ್ಪು ಗುರುತಿನಿಂದ ಅದು ಹೋಗುತ್ತದೆ.

ಕಾಗದಗಳ ದೃಢೀಕರಣ: ವ್ಯಾಸಂಗ ಪತ್ರ, ಫೀಸಿನ ರಸೀದಿ ಇಂಥವನ್ನು ಕಾಲೇಜಿನ ಅಧಿಕಾರಿಯೇ ಕಂಪ್ಯೂಟರಿನಲ್ಲಿ ದೃಢೀಕರಿಸಿ ಒಂದು ನಂಬರ್ ಕೊಡುತ್ತಾರೆ, ಇ-ಅಟೆಸ್ಟೇಶನ್ ಅಂತ. ಅಂಗಡಿಗೆ ಹೋಗುವ ಮುಂಚೆ ಇದನ್ನು ಮುಗಿಸಿಕೊಳ್ಳಬೇಕು.

ಅರ್ಧ ಅರ್ಜಿ: ತುಂಬಿ, ಉಳಿಸಿ, ಕೊನೇ ಗುಂಡಿ ಒತ್ತದೆ ಎದ್ದು ಬಂದ ಅರ್ಜಿಗಳು ಎಷ್ಟೋ. ಕರೆಂಟು ಹೋಯ್ತು, ನಾಳೆ ಮಾಡ್ತೀನಿ ಅಂದವನು ಮರೆಯುತ್ತಾನೆ. ಸ್ವೀಕೃತಿ ಪತ್ರದ ಪ್ರಿಂಟ್ ಕೈಗೆ ಬರದೆ ಅಂಗಡಿ ಬಿಟ್ಟು ಏಳಬೇಡಿ. ಅದರ ಒಂದು ಪ್ರತಿ ಕಾಲೇಜಿನ ಗುಮಾಸ್ತರಿಗೆ ಕೊಟ್ಟು, 'ಸಾರ್, ನಿಮ್ಮ ಕಡೆಯಿಂದ ಮುಂದಕ್ಕೆ ಹೋಯ್ತಾ' ಅಂತ ಹದಿನೈದು ದಿನಕ್ಕೊಮ್ಮೆ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ.

ಪ್ರತಿ ವರ್ಷ: ಮೊದಲ ವರ್ಷ ಬಂತು ಅಂತ ಎರಡನೇ ವರ್ಷ ತಾನಾಗಿ ಬರುವುದಿಲ್ಲ. ವರ್ಷ ವರ್ಷ ಅರ್ಜಿ ಹಾಕಬೇಕು. ಕೊನೇ ತಾರೀಖು ಮುಂದಕ್ಕೆ ಹೋಗುತ್ತದೆ ಅಂತ ನಂಬಬೇಡಿ, ಮಳೆ ನಂಬಿದ ಹಾಗಾಗುತ್ತದೆ.

ಈಗ ನಾವು ಮಾಡುವ ಕ್ರಮ

ಮಗ 2024ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಡಿಪ್ಲೊಮಾ ಸೇರಿದ. ಅವನದ್ದಕ್ಕೆ ನಾನು ಮಾಗಿಯಲ್ಲೇ ಶುರು ಮಾಡಿದ್ದೆ. ಶೇಂಗಾ ಕಿತ್ತು, ಹೊಲದ ಕೆಲಸ ಕಮ್ಮಿ ಇರುವ ಡಿಸೆಂಬರ್, ಜನವರಿಯಲ್ಲಿ ಆಧಾರ್ ಹೆಸರು, ಬೆರಳಚ್ಚು, ಮೊಬೈಲ್ ನಂಬರ್. ಫೆಬ್ರವರಿಯಲ್ಲಿ ಜಾತಿ, ಆದಾಯ ಪತ್ರ, ಯಾಕೆಂದರೆ ಜೂನಿನಲ್ಲಿ ನಾಡಕಚೇರಿ ಮುಂದೆ ಸಾಲು ನಿಲ್ಲಬೇಕು, ಎರಡು ಮೂರು ವಾರ ಹಿಡಿದರೂ ಹಿಡಿಯಬಹುದು. ಮಾರ್ಚಿನಲ್ಲಿ ಮಗನ ಹೆಸರಿಗೆ ಖಾತೆ, ಸೀಡಿಂಗ್. ಏಪ್ರಿಲಿನಲ್ಲಿ ನನ್ನ ಪಹಣಿ, ಫ್ರೂಟ್ಸ್ ಮತ್ತೊಮ್ಮೆ ನೋಡುವುದು. ಕಾಲೇಜು ಸೇರುವ ಹೊತ್ತಿಗೆ ಒಂದು ತಗಡಿನ ಪೆಟ್ಟಿಗೆಯಲ್ಲಿ ಎಲ್ಲ ಇತ್ತು. ಅರ್ಜಿ ತುಂಬಲು ಮುಕ್ಕಾಲು ಗಂಟೆ ಹಿಡಿಯಿತು. ಮಗನೇ ಒತ್ತಿದ, ನಾನು ಪಕ್ಕದಲ್ಲಿ ಕೂತು ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡಿದ್ದೆ. ದುಡ್ಡು ಮುಂದಿನ ಮಾರ್ಚಿಗೆ ಬಂತು. ಮಗಳಿಗೂ ಎರಡನೇ ವರ್ಷದಿಂದ ಬರತೊಡಗಿತು. ಕಳೆದುಹೋದ ಮೊದಲ ವರ್ಷದ್ದು ಮಾತ್ರ ಸಿಗಲಿಲ್ಲ.

ಈಗ ನಮ್ಮೂರಿನಲ್ಲಿ ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳು ಹಾಲಿನ ಡೇರಿ ಕಟ್ಟೆಗೆ ಕಾಗದ ತರುತ್ತಾರೆ. ನನ್ನ ಮಗಳು ರಜೆಯಲ್ಲಿ ಬಂದಿದ್ದರೆ ಅವಳೇ ಕೂರುತ್ತಾಳೆ. ಮಾರ್ಕ್ಸ್ ಕಾರ್ಡ್ ಇಲ್ಲವೇ ಶಾಲೆ ದಾಖಲೆ, ಆಧಾರ್, ಜಾತಿ ಪತ್ರ, ಪಾಸ್‌ಬುಕ್, ಅಪ್ಪನ ಪಹಣಿ, ಫ್ರೂಟ್ಸ್ ನಂಬರ್, ಇಷ್ಟನ್ನೂ ಸಾಲಾಗಿ ಇಟ್ಟು ಹೆಸರು ಓದುತ್ತಾರೆ. ಹೋದ ಸಲ ಹನ್ನೊಂದು ಮಕ್ಕಳಲ್ಲಿ ಏಳು ಜನರ ಹೆಸರು ಎಲ್ಲೋ ಒಂದು ಕಡೆ ಹೊಂದಲಿಲ್ಲ. ತಿದ್ದಿಸಲು ಅವರಿಗೆ ಇನ್ನೂ ಐದಾರು ತಿಂಗಳು ಸಮಯ ಇತ್ತು.

ಈ ಬರಹ ಓದಿ ಮುಗಿಸಿದವರು ಇವತ್ತೇ ಸಂಜೆ ಮಗುವಿನ ಆಧಾರನ್ನೂ ಶಾಲೆಯ ದಾಖಲೆಯನ್ನೂ ಅಕ್ಕಪಕ್ಕ ಇಟ್ಟು ಓದಿಸಿ ನೋಡಿ. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಆದರೆ ಎರಡು ಕಾಗದದ ಅಕ್ಷರ ಒಂದೇ ಥರ ಇದೆಯೋ ಇಲ್ಲವೋ ಅಂತ ನೋಡಲು ಇಂಗ್ಲಿಷ್ ಬೇಕಾಗಿಲ್ಲ.